ಐದನೆಯ ಪಿಚರ್

ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ಊಟಕ್ಕೆ ಕೂತ ಸಫ್ವಾನನ ಕೈ ಬಾಯಿಯವರೆಗೆ ಏರಲಿಲ್ಲ. ತಲೆಯನ್ನೇ ತಟ್ಟೆಯ ಕಡೆ ಬಗ್ಗಿಸಿ ತುತ್ತು ತೆಗೆದುಕೊಂಡ. ಎದುರು ಮಂಚದಲ್ಲಿ ಕೂತಿದ್ದ ಇಗ್ನೇಶಿಯಸ್ ಮೀನಿನ ಮುಳ್ಳು ಬಿಡಿಸುವುದನ್ನು ನಿಲ್ಲಿಸಿದ.

"ಯಾವಾಗಿನಿಂದ?"

"ಎಂತ ಯಾವಾಗಿನಿಂದ?"

"ನಿನ್ನ ಭುಜ ಮಾರಾಯ. ನಿನ್ನ ಎಸೆತ ಮಂಗಳವಾರ ಗಂಟೆಗೆ ನೂರ ಇಪ್ಪತ್ತೊಂಬತ್ತು ಕಿಲೋಮೀಟರ್, ನಿನ್ನೆ ನೂರ ಇಪ್ಪತ್ತಾರು. ಮೊದಲು ನೂರ ನಲವತ್ತರ ಕೆಳಗೆ ಬಂದದ್ದುಂಟಾ?"

ಸಫ್ವಾನ್ ಎಡಗೈಯಿಂದ ನೀರಿನ ಲೋಟ ಎತ್ತಿಕೊಂಡ.

ದುಬೈನ ಸತ್ವಾದ ಹಳೆಯ ವಿಲ್ಲಾದ ಆ ಕೋಣೆಯಲ್ಲಿ ಇಬ್ಬರೂ ಎರಡು ವರ್ಷದಿಂದ ಇದ್ದರು. ಸಫ್ವಾನ್ ಉಳ್ಳಾಲದ ಕಡಲತೀರದಲ್ಲಿ ಟೆನಿಸ್ ಬಾಲ್ ಕ್ರಿಕೆಟಿನ ವೇಗದ ಬೌಲರ್ ಆಗಿದ್ದವನು. ಇಲ್ಲಿ ಯಾರೋ ಅವನ ತೋಳು ನೋಡಿ ಬೇಸ್‌ಬಾಲಿನ ಪಿಚರ್, ಅಂದರೆ ಚೆಂಡು ಎಸೆಯುವವನನ್ನಾಗಿ, ಮಾಡಿದ್ದರು. ಐವತ್ತರ ಹತ್ತಿರದ ಇಗ್ನೇಶಿಯಸ್‌ಗೆ ಆ ಆಟದ ಲೀಗಿನ ಕಚೇರಿಯಲ್ಲಿ ಕೆಲಸ. ಬಲೆಯ ಹಿಂದೆ ಕೂತು, ವೇಗ ಅಳೆಯುವ ಗನ್ ಹಿಡಿದು, ಪ್ರತಿಯೊಂದು ಎಸೆತವನ್ನೂ ಬರೆದುಕೊಳ್ಳಬೇಕು. ಸೀಸನ್‌ಗೆ ಮುಂಚೆ ನಾಲ್ಕೂ ತಂಡಗಳ ಪಿಚರ್‌ಗಳನ್ನು ಹೋಲಿಸಿ ಪಟ್ಟಿ ಕೊಡಬೇಕು.

ಪ್ರತಿ ತಂಡಕ್ಕೆ ಆಟ ಶುರುಮಾಡುವ ಪಿಚರ್‌ಗಳು ಐವರು, ಪಂದ್ಯಕ್ಕೊಬ್ಬರಂತೆ ಸರದಿ. ಅಬುಧಾಬಿಯ ತಂಡದಲ್ಲಿ ಮೊದಲಿಬ್ಬರು ಬೆಂಕಿ, ಆಮೇಲೆ ಹೇಳಿಕೊಳ್ಳುವವರಿಲ್ಲ. ಕ್ರೀಕ್ ತಂಡದಲ್ಲಿ ಬೆಂಕಿಯಂಥವರು ಯಾರೂ ಇಲ್ಲ, ಆದರೆ ಐದನೆಯವನವರೆಗೆ ಎಲ್ಲರೂ ಗಟ್ಟಿ. ಆ ಐದನೆಯವನೇ ಸಫ್ವಾನ್. ಆರನೆಯವನಾದರೆ ಕಾಂಟ್ರಾಕ್ಟ್ ಇಲ್ಲ, ವೀಸಾ ಕ್ಯಾನ್ಸಲ್.

"ಪಟ್ಟಿಯಲ್ಲಿ ಆ ಎರಡು ದಿನದ್ದು ಬಿಟ್ಟುಬಿಡಿ ಅಣ್ಣ," ಎಂದ ಸಫ್ವಾನ್ ಕೊನೆಗೆ. "ಐದನೆಯವನಾಗಿ ಕೂತರೆ ನನ್ನ ಸರದಿ ಬರುವಾಗ ಮೂರು ವಾರ ಆಗ್ತದೆ. ಅಷ್ಟರೊಳಗೆ ಗುಣ ಆಗ್ತದೆ."

"ಆಗದಿದ್ದರೆ?"

"ಈಗ ಹೊರಗೆ ಹಾಕಿದರೆ ಖಲಾಸ್ ಅಲ್ವಾ? ಊರಲ್ಲಿ ಈ ಆಟ ಯಾರಿಗೆ ಬೇಕು?"

ಒಬ್ಬನದು ಮಾತ್ರ ಅಳಿಸಿದರೆ ಸಿಕ್ಕಿಬೀಳುವುದು ಖಂಡಿತ. ಇಗ್ನೇಶಿಯಸ್ ಕ್ರೀಕ್ ತಂಡದ ಎಲ್ಲರ ಆ ಎರಡು ದಿನದ ಅಂಕಿಗಳನ್ನೂ ತೆಗೆದು, 'ಯಂತ್ರ ಕೆಟ್ಟಿತ್ತು' ಎಂದು ಬರೆದ. ಉಳಿದ ನಾಲ್ವರು ಮೈ ಬಿಸಿಯೇರಿ ಚೆನ್ನಾಗಿ ಎಸೆದದ್ದು ಅದೇ ಎರಡು ದಿನ ಎಂಬುದು ಅವನಿಗೆ ಹೊಳೆದದ್ದು ಪಟ್ಟಿ ಕಳಿಸಿದ ಮೇಲೆ.

ಸೋಮವಾರ ಲೀಗಿನ ಮ್ಯಾನೇಜರ್ ರಯಾನ್ ಕ್ಯಾಬಿನ್ನಿಗೆ ಕರೆದ. ದುಬೈನಲ್ಲೇ ಹುಟ್ಟಿ ಬೆಳೆದ ಮಂಗಳೂರಿನವನು, ಇಗ್ನೇಶಿಯಸ್‌ಗಿಂತ ಹದಿನೈದು ವರ್ಷ ಚಿಕ್ಕವನು.

"ನಿಮ್ಮ ರೂಮ್‌ಮೇಟ್ ಕ್ರೀಕ್ ಪಟ್ಟಿಯಲ್ಲಿ ಟಾಪ್, ಇಗ್ನೇಶಿಯಸ್! ಕ್ರೀಕ್ ಕೋಚ್ ಓಪನಿಂಗ್ ಮ್ಯಾಚನ್ನೇ ಅವನಿಗೆ ಕೊಟ್ಟಿದ್ದಾರೆ. ಪೋಸ್ಟರ್ ಕೂಡ ರೆಡಿ."

"ಪಟ್ಟಿಯಲ್ಲಿ ಎರಡು ದಿನದ್ದು ಇಲ್ಲ ಸರ್."

"ಮೆಷಿನ್ ಹಾಳಾಗಿತ್ತು ಅಂತ ನೀವೇ ಬರೆದದ್ದಲ್ವಾ?"

"ಹೌದು."

"ಮತ್ತೆ ಎಂತ?"

ರಯಾನನ ಮೇಜಿನ ಮೇಲೆ ಇಗ್ನೇಶಿಯಸ್‌ನದೇ ವೀಸಾ ನವೀಕರಣದ ಕಾಗದ ಸಹಿಗೆ ಕಾದಿತ್ತು. ಅದರಲ್ಲಿನ ತನ್ನ ಫೋಟೋ ಅವನಿಗೆ ತಲೆಕೆಳಗಾಗಿ ಕಾಣುತ್ತಿತ್ತು.

"ಎಂತ ಇಲ್ಲ ಸರ್."

ಸಂಜೆ ಕೋಣೆಗೆ ಬಂದಾಗ ಸಫ್ವಾನ್ ಭುಜಕ್ಕೆ ಐಸ್ ಕಟ್ಟಿಕೊಂಡು ಕೂತಿದ್ದ. ಪೋಸ್ಟರ್ ಆಗಲೇ ಉಳ್ಳಾಲ ಮುಟ್ಟಿತ್ತು. ಅವನ ಉಮ್ಮ ಫೋನಿನಲ್ಲಿ ಅತ್ತಿದ್ದರಂತೆ, ಸಂತೋಷಕ್ಕೆ.

"ನಾಳೆ ಹೋಗಿ ನಿಜ ಹೇಳಿಬಿಡುತ್ತೇನೆ," ಎಂದ ಇಗ್ನೇಶಿಯಸ್.

"ಹೇಳಿದರೆ ನಾನೂ ಹೊರಗೆ, ನೀವೂ ಹೊರಗೆ. ನಿಮ್ಮ ಮಗಳ ನರ್ಸಿಂಗ್ ಮುಗಿಯಲಿಕ್ಕೆ ಇನ್ನೂ ಒಂದು ವರ್ಷ ಉಂಟಲ್ಲ?"

ಇಗ್ನೇಶಿಯಸ್ ಮಂಗಳವಾರ ಹೋಗಲಿಲ್ಲ. ಬುಧವಾರ ಕ್ಯಾಬಿನ್ನಿನ ಬಾಗಿಲವರೆಗೆ ಹೋಗಿ, ಒಳಗೆ ಯಾರೋ ನಗುವುದನ್ನು ಕೇಳಿ ಹಿಂದೆ ಬಂದ.

ಶನಿವಾರ ಮಧ್ಯಾಹ್ನ ಮೂರಕ್ಕೆ ಪಂದ್ಯ. ಮಂಗಳೂರಿನವರೇ ಒಂದು ಬಸ್ಸು ತುಂಬ ಬಂದಿದ್ದರು. ಸಫ್ವಾನನ ಮೊದಲ ಎಸೆತಕ್ಕೆ ದೊಡ್ಡ ಪರದೆಯಲ್ಲಿ ೧೩೩ ಎಂದು ಬಂತು. ಆಮೇಲೆ ೧೩೦, ೧೨೮. ಸಫ್ವಾನ್ ಪರದೆಯ ಕಡೆ ನೋಡಲೇ ಇಲ್ಲ. ಇಗ್ನೇಶಿಯಸ್ ಗನ್ ಹಿಡಿದು ಒಂದೊಂದನ್ನೂ ಬರೆಯುತ್ತ ಹೋದ. ಇವತ್ತು ಬಿಟ್ಟುಬಿಡುವ ಹಾಗಿರಲಿಲ್ಲ, ಎಲ್ಲರಿಗೂ ಕಾಣುತ್ತಿತ್ತು.

ಮೂರನೆಯ ಇನ್ನಿಂಗ್ಸಿನಲ್ಲಿ ಚೆಂಡು ಅರ್ಧ ದಾರಿಯಲ್ಲೇ ನೆಲಕ್ಕೆ ಬಿತ್ತು. ಸಫ್ವಾನ್ ಮೊಣಕೈಯನ್ನು ಎದೆಗೆ ಒತ್ತಿಕೊಂಡು ಕುಕ್ಕರಿಸಿದ. ಕೋಚ್ ಓಡಿಬಂದರು. ಬಸ್ಸಿನಲ್ಲಿ ಬಂದವರ ಡೋಲು ನಿಂತಿತು.

ಇಗ್ನೇಶಿಯಸ್ ಅರ್ಧ ಎದ್ದ. ಪಕ್ಕದಲ್ಲಿ ಪಂದ್ಯದ ವಿಡಿಯೋ ತೆಗೆಯುತ್ತಿದ್ದ ಆಲ್ವಿನ್ ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಕೂತ್ಕೊಳ್ಳಿ ಮಾರಾಯ್ರೆ, ಹೊಸ ಪಿಚರ್ ಬಂದ," ಎಂದ. ಒಂಬತ್ತರಲ್ಲಿ ಇನ್ನೂ ಆರು ಇನ್ನಿಂಗ್ಸ್ ಉಳಿದಿತ್ತು. ಇಗ್ನೇಶಿಯಸ್ ಕೂತ, ಗನ್ ಎತ್ತಿದ. ನೂರ ಮೂವತ್ತೆಂಟು. ಬರೆದ.

ಆಚೆ ಬೆಂಚಿನ ತುದಿಯಲ್ಲಿ ಸಫ್ವಾನ್ ಒಬ್ಬನೇ ಕೂತು, ಎಡಗೈಯಿಂದ ಬೂಟಿನ ಲೇಸು ಬಿಚ್ಚಲು ನೋಡುತ್ತಿದ್ದ. ಗಂಟು ಬಿಗಿದುಕೊಂಡಿತ್ತು.