ನಾಗಲಿಂಗನ ರಕ್ತದಲ್ಲಿ ದೋಷವಿಲ್ಲ

ಬಾಗಲಕೋಟೆಯ ಮಕ್ಕಳ ದವಾಖಾನೆಯ ಬೆಂಚು ರಾಜಶ್ರೀಗೆ ಈಗ ತವರುಮನೆಯ ಕಟ್ಟೆಯಷ್ಟೇ ಬಳಕೆ. ಯಾವ ಬೆಂಚಿನ ಕಾಲು ಅಲ್ಲಾಡುತ್ತದೆ, ಯಾವ ನರ್ಸಿಗೆ ಮೂಗಿನ ತುದಿಯಲ್ಲೇ ಸಿಟ್ಟು, ಎಲ್ಲ ಗೊತ್ತು. ದಣಿದು ದಣಿದು ಈಗ ದಣಿವೂ ಅವಳಿಗೆ ಬೇಸರ ತರಿಸಿತ್ತು.

ಕಿರಿಮಗಳು ಶೀಲಾಳಿಗೆ ಹನ್ನೊಂದು ವರ್ಷ. ಮೊದಲು ಬಾಯಲ್ಲಿ ಬಿಳಿ ಪದರು ಕಟ್ಟಿತು, ಏನು ಹಚ್ಚಿದರೂ ಹೋಗಲಿಲ್ಲ. ಸಾಲೆಗೆ ಸೇರಿದ ಮೇಲೆ ಕೈಬೆರಳು ಸೆಟೆದುಕೊಳ್ಳತೊಡಗಿದವು, ರಕ್ತದಲ್ಲಿ ಕ್ಯಾಲ್ಸಿಯಂ ಇಲ್ಲವೆಂದರು. ಅದರ ಬೆನ್ನಿಗೇ ಸಕ್ಕರೆ ಕಾಯಿಲೆ ಬಂದು ಇನ್ಸುಲಿನ್ ಸೂಜಿ ಮನೆ ಹೊಕ್ಕಿತು. ತಮ್ಮೂರು ಕಮತಗಿಯ ಓಣಿಯಲ್ಲಿ ಸಮಾಧಾನ ಹೇಳಲು ಬಂದವರೆಲ್ಲ ಬೆಲ್ಲ ತಿನ್ನಿಸಿ ತಿನ್ನಿಸಿ ಕೂಸನ್ನು ಕೆಡಿಸಿದೆ ಎಂದು ಬೈದು, ಚಹಾ ಕುಡಿದು ಹೋದರು.

ಗಂಡ ಹಣಮಪ್ಪ ಹಿಟ್ಟಿನ ಗಿರಣಿ ಬಿಟ್ಟು ಬರುವ ಹಾಗಿಲ್ಲ. ತಿಂಗಳು ತಿಂಗಳು ಜೊತೆಗೆ ಬರುವವನು ರಾಜಶ್ರೀಯ ತಮ್ಮ ನಾಗಲಿಂಗ. ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವವನು ರಜೆ ಹಾಕಿ ಬಂದು ಪಾಳಿ ಹಚ್ಚುತ್ತಾನೆ, ಔಷಧಿ ತರುತ್ತಾನೆ, ಶೀಲಾಳನ್ನು ನಗಿಸುತ್ತಾನೆ. ಅವನಿಲ್ಲದಿದ್ದರೆ ರಾಜಶ್ರೀ ಎಂದೋ ಕೈಚೆಲ್ಲಿ ಕೂರುತ್ತಿದ್ದಳು.

ಈ ನಾಗಲಿಂಗನಿಗೇ ರಾಜಶ್ರೀಯ ಹಿರಿಮಗಳು ಮಾಯಾ ಎಂದು ಆಯಿ ಶಾರವ್ವ ಎಂದೋ ಗೊತ್ತು ಮಾಡಿದ್ದಳು. ಮಾಯಾ ಆಗ ತೊಟ್ಟಿಲಲ್ಲಿದ್ದಳು. ಶಾರವ್ವ ರಾಜಶ್ರೀಗೆ ತಾಯಿಯ ತಾಯಿ, ಗಂಡನ ತಾಯಿಯೂ ಅವಳೇ. ಮಗಳ ಮಗಳನ್ನೇ ಮಗನಿಗೆ ತಂದುಕೊಂಡವಳು ಅವಳು. "ನಮ್ಮ ಹುಡುಗಿ ನಮ್ಮ ಮನ್ಯಾಗ ಇರ್ಲಿ" ಎಂಬ ಒಂದು ಮಾತಿನಲ್ಲಿ ಅವಳ ಶಾಸ್ತ್ರವೆಲ್ಲ ಮುಗಿಯುತ್ತಿತ್ತು.

ಕಳೆದ ದೀಪಾವಳಿಯ ಹೊತ್ತಿಗೆ ಡಾಕ್ಟರ್ ನರ್ಗೀಸ್ ಮೂರೂ ಕಾಯಿಲೆಗೆ ಒಂದೇ ಮೂಲವೆಂದು ಬಿಡಿಸಿ ಹೇಳಿದ್ದರು.

"ಎದಿ ಎಲುಬಿನ ಹಿಂದ ಥೈಮಸ್ ಅಂತ ಒಂದು ಗ್ರಂಥಿ ಐತ್ರಿ. ರೋಗದ ಕೂಡ ಬಡದಾಡೋ ಕಣ ಅಲ್ಲಿ ತಯಾರಾಗ್ತಾವ. ಹೊಸಾ ಸೊಸಿಗೆ ಹಿರೇರು ತೋರಸ್ತಾರಲ್ರಿ, ಇವರು ನಿನ್ನ ಮೈದುನ, ಇವರು ನಿನ್ನ ನೆಗೆಣ್ಣಿ ಅಂತ? ಹಂಗ ಅಲ್ಲಿ ಆ ಕಣಗಳಿಗೆ ಮೈಯಾಗಿನ ಎಲ್ಲಾ ಅಂಗದ ಗುರ್ತು ತೋರಸ್ತದ. ನಮ್ಮವರ ಮ್ಯಾಲೇ ಬೀಳೋವನ್ನ ಅಲ್ಲೇ ಮುಗಸಿಬಿಡ್ತದ. ಶೀಲಾಗ ಆ ಗುರ್ತು ತೋರ್ಸೋ ಜೀನ್ ಕೆಟ್ಟೈತ್ರಿ. ಹಿಂಗಾಗಿ ಅಂಥಾವು ಹೊರಗ ಬಂದು, ಇನ್ಸುಲಿನ್ ಮಾಡೋ ಜಾಗಾನ ವೈರಿ ಅಂತ ತಿಳದು ಹಾಳ ಮಾಡ್ಯಾವ. ಬೆಲ್ಲದ್ದೇನೂ ತಪ್ಪಿಲ್ರಿ."

ರಾಜಶ್ರೀಗೆ ತನ್ನ ಮದುವೆ ನೆನಪಾಗಿತ್ತು. ಅವಳಿಗೆ ಯಾರ ಗುರುತನ್ನೂ ಯಾರೂ ತೋರಿಸಬೇಕಾಗಿರಲಿಲ್ಲ. ಅತ್ತೆ ಎಂದರೆ ಆಯಿ, ಗಂಡ ಎಂದರೆ ಪೇಟೆಯಿಂದ ಬಳೆ ತಂದುಕೊಡುತ್ತಿದ್ದ ಸೋದರಮಾವ. ಎಲ್ಲರೂ ನಮ್ಮವರೇ ಇದ್ದ ಮನೆಯಲ್ಲಿ, ನಮ್ಮವರು ಯಾರೆಂದು ತಿಳಿಯದ ಕಾಯಿಲೆ ಹುಟ್ಟಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಅವಳು ಸೆರಗು ಸರಿಮಾಡಿಕೊಂಡಿದ್ದಳು.

ಕೆಟ್ಟ ಜೀನ್ ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದರೆ ಮಾತ್ರ ಈ ರೋಗ, ಒಂದೇ ಮನೆತನದಲ್ಲಿ ಕೊಟ್ಟು ತಂದರೆ ಹಾಗಾಗುವುದು ಹೆಚ್ಚು ಎಂದೂ ಡಾಕ್ಟರ್ ಹೇಳಿದರು. ಆಗ ರಾಜಶ್ರೀ ಮಾಯಾಳ ಲಗ್ನದ ಮಾತು ತೆಗೆದಳು. ನಾಗಲಿಂಗನ ರಕ್ತ ಬೆಂಗಳೂರಿಗೆ ಹೋದದ್ದು ಹಾಗೆ. ಇವತ್ತು ಅದರ ಫಲಿತಾಂಶ.

ಮುಂಜಾನೆ ತಲೆ ಬಾಚಿಕೊಳ್ಳುತ್ತಾ ಮಾಯಾ ತಾಯಿಗೆ ಹೇಳಿದ್ದಳು. "ಅವ್ವಾ, ರಿಪೋರ್ಟ ಕೆಟ್ಟ ಬರ್ಲಿ. ಮಾಮಾ ಭಾಳ ಚೊಲೋ ಮನಶಾ. ಆದ್ರ ಗಂಡ ಅಂತ ನೋಡಾಕ ನನಗ ಆಗೂದಿಲ್ಲ. ಚೊಲೋ ಬಂದ್ರೂ ಕೆಟ್ಟ ಬಂದೈತಿ ಅಂದುಬಿಡು."

ರಾಜಶ್ರೀ ಅವಳನ್ನು ಬೈಯಲಿಲ್ಲ. ಒಳಗೊಳಗೇ ತಾನೂ ಅದನ್ನೇ ಬೇಡಿಕೊಳ್ಳುತ್ತಿದ್ದಳು. ಆಯಿಯ ಎದುರು ಒಲ್ಲೆ ಎಂದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಡಾಕ್ಟರರೇ ಬೇಡವೆಂದುಬಿಟ್ಟರೆ ಯಾರ ಬಾಯಿಗೂ ಕೆಲಸವಿರುತ್ತಿರಲಿಲ್ಲ.

"ತಮ್ಮನ ರಕ್ತ ಸ್ವಚ್ಛ ಐತ್ರಿ" ಎಂದರು ನರ್ಗೀಸ್. "ಆ ಜೀನ್ ಅವನ ಕಡೆ ಇಲ್ಲ. ಮಾಯಾನ ಕೂಡ ಲಗ್ನ ಆದ್ರೂ ಮಕ್ಕಳಿಗೆ ಈ ರೋಗ ಬರೂದಿಲ್ಲ."

"ಖರೇನ್ರಿ?" ಎಂದಳು ರಾಜಶ್ರೀ. ಖುಷಿಗೆ ಕೇಳಿದಳೆಂದು ತಿಳಿದು ಡಾಕ್ಟರ್ ನಕ್ಕು ರಿಪೋರ್ಟು ಕೈಗಿಟ್ಟರು. ಅವಳು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಬಸ್ ಸ್ಟ್ಯಾಂಡಿನಲ್ಲಿ ನಾಗಲಿಂಗ ಕಾಯುತ್ತಿದ್ದ. ಶೀಲಾ ಅವನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

"ಏನಂದ್ರು ಅಕ್ಕಾ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಅವನು ನಂಬುತ್ತಿದ್ದ, ನಾಲ್ಕು ದಿನ ಸಪ್ಪಗಿದ್ದು ಮುಂದಿನ ತಿಂಗಳು ಎಂದಿನಂತೆ ಬರುತ್ತಿದ್ದ. ಆದರೆ ರಕ್ತ ಕೆಟ್ಟ ಗಂಡೆಂಬ ಮಾತು ಇಳಕಲ್ಲು, ಹುನಗುಂದ ದಾಟಿ ಬಾದಾಮಿಯವರೆಗೂ ಹೋಗುತ್ತಿತ್ತು. ಇನ್ನಾರು ಅವನಿಗೆ ಹೆಣ್ಣು ಕೊಟ್ಟಾರು? ತನಗೆ ಬಾಯಿಲ್ಲವೆಂದು ತಮ್ಮನಿಗೆ ಮಸಿ ಬಳಿಯುವುದೇ? ತನ್ನ ಮೇಲೆ ತನಗೇ ಅಸಹ್ಯವಾಯಿತು.

"ನಿನ್ನ ರಕ್ತದಾಗ ಏನೂ ಇಲ್ಲೋ ನಾಗ್ಯಾ. ಸ್ವಚ್ಛ ಐತಿ."

ಅವನ ಮುಖ ಅರಳಿತು. "ಹಂಗಾದ್ರ ಆಯಿಗೆ ಫೋನ್ ಹಚ್ಚಲೇನು?"

"ಬ್ಯಾಡ. ಮಾಯಾ ಒಲ್ಲೆ ಅಂತಾಳ."

"ರೋಗದ ಭಯ ಇಲ್ಲಲ್ಲ ಈಗ?"

"ರೋಗದ ಮಾತಲ್ಲ. ಹುಡುಗಿಗೆ ಮನಸಿಲ್ಲ."

"ನೀ ಏನಂತಿ?"

"ನಾನೂ ಬ್ಯಾಡ ಅಂತೇನಿ. ಆಯಿಗೂ ನಾನ ಹೇಳ್ತೇನಿ."

"ಇಷ್ಟ ವರ್ಷ ನಾ ಓಡ್ಯಾಡಿದ್ದು..." ಎಂದ ನಾಗಲಿಂಗ. ಶೀಲಾಳ ತಲೆಯನ್ನು ಮೆಲ್ಲಗೆ ಎತ್ತಿ ಅಕ್ಕನ ತೊಡೆಯ ಮೇಲಿಟ್ಟ.

ಇಳಕಲ್ಲಿನ ಬಸ್ಸು ಬಂದು ನಿಂತಿತು. ಕಮತಗಿಯವರೆಗೆ ಮೂವರೂ ಅದರಲ್ಲೇ ಒಂದು ಸೀಟಿನಲ್ಲಿ ಹೋಗುವುದು ರೂಢಿ, ಮುಂದೆ ಅವನೊಬ್ಬನೇ ಹೋಗುತ್ತಿದ್ದ. ಇವತ್ತು ಅವನು ಏಳಲಿಲ್ಲ.

"ನೀವು ಹೋಗ್ರಿ. ನಾ ಹಿಂದ ಬರೋ ಬಸ್ಸಿಗೆ ಬರ್ತೇನಿ."

ರಾಜಶ್ರೀ ಮಗಳನ್ನು ಎಬ್ಬಿಸಿ, ಚೀಲ ಹೆಗಲಿಗೇರಿಸಿ ಹತ್ತಿದಳು. ಕಿಟಕಿಯಾಚೆ ತಮ್ಮ ಬೇರೆಲ್ಲೋ ನೋಡುತ್ತಿದ್ದ. ಬಸ್ಸು ಹೊರಟ ಮೇಲೆ ಶೀಲಾ ತಾಯಿಯ ಸೆರಗು ಜಗ್ಗಿದಳು. ತನ್ನ ಕಾಯಿಲೆಯಿಂದ ಯಾರು ಬೇಸತ್ತರೆಂದು ಮುಖ ನೋಡಿ ಅಳೆಯುವುದನ್ನು ಆ ಹುಡುಗಿ ಎಂದೋ ಕಲಿತಿದ್ದಳು.

"ಅವ್ವಾ, ಮಾಮಾಗ ನನ್ನ ಮ್ಯಾಲ ಸಿಟ್ಟು ಬಂತೇನು?"

"ಇಲ್ಲವ್ವಾ" ಎಂದಳು ರಾಜಶ್ರೀ. "ಈ ಸಲ ನನ್ನ ಮ್ಯಾಲ."

ಶೀಲಾ ಮತ್ತೊಮ್ಮೆ ತಾಯಿಯ ಮುಖ ನೋಡಿ, ಅದು ನಿಜವೆಂದು ಖಾತ್ರಿ ಮಾಡಿಕೊಂಡು, ನಿಶ್ಚಿಂತೆಯಿಂದ ನಿದ್ದೆ ಹೋದಳು.