ಬೆಲ್ಲದ ಬಣ್ಣದ ಮೊಲ

"ತಮಟೆ ಬಡೀಬ್ಯಾಡ್ರಿ!" ಅಂಬಿಕಾ ಅಂಗಳಕ್ಕೆ ಓಡಿಬಂದು ಕೈ ಅಡ್ಡ ಹಿಡಿದಳು. ಬೆಂಕಿಗೆ ಕಾಸಿದ ತಮಟೆಯನ್ನು ಹೆಗಲಿಗೇರಿಸಿ ಕೋಲೆತ್ತಿದ್ದ ಕೃಷ್ಣ ಹಾಗೇ ನಿಂತುಬಿಟ್ಟ.

ಜಗುಲಿಯ ಮೇಲೆ ಅವಳ ಅಪ್ಪ, ನ್ಯಾಮತಿಯ ಟೇಲರ್ ದುರುಗಣ್ಣನ ಹೆಣಕ್ಕೆ ಹಾರ ಹಾಕಿ ಗೋಡೆಗೊರಗಿಸಿ ಕೂರಿಸಿದ್ದರು.

"ತಮಟೆ ಇಲ್ದೆ ಕಳಿಸಾಕೆ ನನ್ನ ತಮ್ಮ ಏನು ದಿಕ್ಕಿಲ್ದೋನಾ?" ದೊಡ್ಡಪ್ಪ ಚಿಕ್ಕಹನುಮಂತಪ್ಪ ಗದರಿದರು.

"ಹಿತ್ತಲಾಗೆ ಮೊಲ ಮರಿ ಹಾಕ್ತೈತೆ ದೊಡ್ಡಪ್ಪ. ಸದ್ದಿಗೆ ಬೆದರಿದ್ರೆ ಮರಿಗಳ್ನ ತಾನೇ ಕೊಂದುಬಿಡುತ್ತೆ. ಹೋದ ಸಲ ಪಟಾಕಿಗೆ ಹಂಗೇ ಆತು."

ಸೇರಿದವರು ಮುಖ ಮುಖ ನೋಡಿಕೊಂಡರು. ಸಾವಿನ ಮನೆಯಲ್ಲಿ ಬಾಣಂತನದ ಚಿಂತೆ, ಅದೂ ಮೊಲದ್ದು!

*

ದುರುಗಣ್ಣನಿಗೆ ಇದ್ದದ್ದು ಒಂದೇ ಹುಚ್ಚು, ಹೊಸ ಬೆಲ್ಲದ ಬಣ್ಣದ ಮೊಲ. ಮರಿಗಳು ಬೆಳೆದಾಗ ಮಡಿಲಲ್ಲಿಟ್ಟುಕೊಂಡು ತುಪ್ಪಳಕ್ಕೆ ಉಫ್ ಎಂದು ಊದಿ ಕೂದಲ ಬುಡ ನೋಡುತ್ತಿದ್ದ.

"ಮೇಲೆ ಬೆಲ್ಲ, ಒಳಗೆ ಬೂದಿ. ಆಗ್ಲಿಲ್ಲ ಕಣವ್ವ."

"ಒಳಗಿಂದು ಯಾರು ನೋಡ್ತಾರಪ್ಪ?" ಅಂಬಿಕಾ ನಗುತ್ತಿದ್ದಳು.

"ಲೈನಿಂಗ್ ಕೆಟ್ರೆ ಕೋಟು ಕೆಟ್ಟಂಗೆ."

ಕೊನೆಗೆ ಒಳಗೂ ಹೊರಗೂ ಒಂದೇ ಬಣ್ಣದ ಗಂಡೊಂದು ಸಾಸ್ವೆಹಳ್ಳಿಯಲ್ಲಿ ಸಿಕ್ಕಿತು. ಅದನ್ನು ತಂದು ಜೋಡಿ ಮಾಡಿದವನು ಮರಿ ನೋಡಲು ಉಳಿಯಲಿಲ್ಲ.

ಹೆಂಡತಿ ಸುಂಕಲಮ್ಮನಿಗೆ ಮೊಲ ಎಂದರೆ ಉರಿ. ಕಟ್ಟಿಕೊಂಡವಳನ್ನು ಒಂದು ದಿನವಾದರೂ ಹೀಗೆ ಮುದ್ದು ಮಾಡಿದ್ದುಂಟೇ ಎಂಬುದು ಅವಳ ತಕರಾರು. ಗೂಡಿನ ಕಡೆ ತಲೆ ಹಾಕಿಯೂ ಮಲಗಿದವಳಲ್ಲ.

*

"ಸುಂಕಲಮ್ಮ, ನೀನೇ ಹೇಳವ್ವ," ಎಂದರು ಚಿಕ್ಕಹನುಮಂತಪ್ಪ.

ಅಂಬಿಕಾ ಅವ್ವನ ಕಡೆ ತಿರುಗಿದಳು. ಅವ್ವ ಬಡೀರಿ ಎಂದರೆ ಅಪ್ಪನ ಇಷ್ಟು ವರ್ಷದ ಆಸೆ ಅಲ್ಲಿಗೇ ಮುಗಿಯಿತು.

ಸುಂಕಲಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ಅವ್ರು ಇದ್ದಾಗಂತೂ ಕರೆದ್ರೂ ನಾನು ನೋಡಾಕೆ ಹೋಗ್ಲಿಲ್ಲ. ಹಳ್ಳ ದಾಟಿದ ಮೇಲೆ ಬಡೀಲಿ ಬಿಡ್ರಿ ಬಾವ."

ಹೊತ್ತವರು ಸದ್ದಿಲ್ಲದೆ ಬೀದಿಗಿಳಿದರು. ಕೃಷ್ಣ ತಮಟೆಯನ್ನು ಕಂಕುಳಲ್ಲಿ ಅವುಚಿಕೊಂಡು ಮುಂದೆ ನಡೆದ. ಅಳುವ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

ದೂರದಲ್ಲಿ ತಮಟೆ ಶುರುವಾದಾಗ ಅಂಬಿಕಾ ಗೂಡಿನೊಳಗೆ ಇಣುಕಿದಳು. ತಾಯಿಮೊಲ ತನ್ನ ಎದೆಯ ತುಪ್ಪಳ ಕಿತ್ತು ಹಾಸಿದ್ದ ಮೆತ್ತೆಯಲ್ಲಿ ಮರಿಗಳು ಮಿಸುಕುತ್ತಿದ್ದವು. ಹಿಂದೆ ಅವ್ವನ ಹೆಜ್ಜೆ ಕೇಳಿಸಿತು.

"ಬಂತೇನೇ, ಅವರ ಬಣ್ಣ?"

"ಈಗ್ಲೇ ಹೆಂಗೆ ಗೊತ್ತಾಗುತ್ತವ್ವ? ಮೈಮೇಲೆ ಕೂದ್ಲೇ ಇಲ್ಲ. ಕಾಯ್ಬೇಕು."

ಸುಂಕಲಮ್ಮ ಗೂಡಿನ ಮುಂದೆ ನೆಲದ ಮೇಲೇ ಕೂತಳು. ಸರಳುಗಳ ನಡುವಿನಿಂದ ಬಿಸಿಲು ಮರಿಗಳ ಬರಿಮೈಗೆ ಬೀಳುತ್ತಿತ್ತು. ಅವಳು ತುಸು ಸರಿದು, ಅದಕ್ಕೆ ತನ್ನ ಬೆನ್ನು ಅಡ್ಡ ಕೊಟ್ಟಳು.