ಎಡಕ್ಕೆ ವಾಲಿದ ಕಾರು

ಚಾಮರಾಜಪೇಟೆಯ ಆ ಬೀದಿಯಲ್ಲಿ ವೀರಭದ್ರಯ್ಯನವರ ಕಾರು ದಿನಾ ಬೆಳಿಗ್ಗೆ ಎಡಕ್ಕೆ ವಾಲಿಕೊಂಡು ನಿಂತಿರುತ್ತಿತ್ತು. ಮುಂದಿನ ಎಡ ಚಕ್ರದ ಕಡೆ ಮಾತ್ರ ಕುಸಿತ. ಹಾಲಿನವನಿಂದ ಹಿಡಿದು ಎದುರುಮನೆ ಚೂಡಾಮಣಿಯವರವರೆಗೆ ಎಲ್ಲರೂ ಹೇಳಿ ಹೇಳಿ ಸುಸ್ತಾಗಿದ್ದರು. ಅಕ್ಕಿಪೇಟೆಯಲ್ಲಿ ಮೂಟೆಯನ್ನು ಕಣ್ಣಲ್ಲೇ ತೂಗುವ ವ್ಯಾಪಾರಿಗೆ ತನ್ನ ಕಾರು ವಾಲಿದ್ದು ಕಾಣುವುದಿಲ್ಲವೇ ಎಂದು ಬೀದಿಯೇ ಆಡಿಕೊಂಡಿತು. ಕಾಣದೆ ಏನು? ಅದನ್ನು ನೋಡಲೆಂದೇ ಅವರು ಕಾಫಿ ಲೋಟ ಹಿಡಿದು ಜಗಲಿಗೆ ಬಂದು ಕೂರುತ್ತಿದ್ದರು.

ಆ ಎಡಗಡೆಯ ಸೀಟು ಅವರ ಹೆಂಡತಿ ಶಿವಕುಮಾರಿಯದು. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು.

ಶಿವಕುಮಾರಿ ಮೈಕೈ ತುಂಬಿಕೊಂಡಿದ್ದ ಹೆಂಗಸು. ಪೂಜೆಗೆ ಕೂತರೂ ಗಂಡನ ಎಡಕ್ಕೆ, ಕಾರಿನಲ್ಲಿ ಕೂತರೂ ಎಡಕ್ಕೆ. ಹಳೆಯ ಅಂಬಾಸಿಡರ್ ಇದ್ದ ಕಾಲದಲ್ಲಿ ಆಕೆ ಹತ್ತಿದರೆ ಕಾರು ಕಿರ್ ಎಂದು ಆ ಕಡೆ ಬಾಗುತ್ತಿತ್ತು. ವೀರಭದ್ರಯ್ಯ ಕತ್ತು ತಿರುಗಿಸಿಯೂ ನೋಡುತ್ತಿರಲಿಲ್ಲ. ಕಾರು ಬಾಗಿತೆಂದರೆ ಹೆಂಡತಿ ಕೂತಳೆಂದು ಅರ್ಥ.

"ಲೋಡ್ ಆಯ್ತು. ಹೊರಡೋಣ್ವಾ?" ಎನ್ನುವರು.

"ಹೊರಡಿ, ಹೊರಡಿ. ನಾನೇನು ನಿಮ್ಮ ಅಂಗಡಿ ಮೂಟೆ ಅಲ್ಲ" ಎಂದು ಆಕೆ ಸೆರಗನ್ನು ಒಳಗೆಳೆದುಕೊಂಡು ಬಾಗಿಲು ಹಾಕಿಕೊಳ್ಳುವಳು.

ಮಕ್ಕಳಿಲ್ಲದ ಆ ಮನೆಯಲ್ಲಿ ಇದೊಂದು ಆಟ. ವರ್ಷಗಟ್ಟಲೆ ಆಡಿದರೂ ಇಬ್ಬರಿಗೂ ಬೇಜಾರಾಗಲಿಲ್ಲ.

ಆಕೆಗೆ ಸೊಂಟನೋವು ಶುರುವಾದ ಮೇಲೆ ವೀರಭದ್ರಯ್ಯ ಅಂಬಾಸಿಡರನ್ನು ಮಾರಿ, ಜರ್ಮನಿಯ ದೊಡ್ಡದೊಂದು ಸೆಕೆಂಡ್ ಹ್ಯಾಂಡ್ ಕಾರು ತಂದರು. ಅದಕ್ಕೆ ಕಬ್ಬಿಣದ ಸ್ಪ್ರಿಂಗ್ ಇಲ್ಲ. ಚಕ್ರ ಚಕ್ರಕ್ಕೂ ಗಾಳಿ ತುಂಬಿದ ರಬ್ಬರ್ ಚೀಲ. ಯಾರು ಹತ್ತಲಿ ಇಳಿಯಲಿ, ಒಳಗಿನ ಪಂಪು ಬೇಕಾದಷ್ಟು ಗಾಳಿ ತುಂಬಿ ಕಾರನ್ನು ಮಟ್ಟಸವಾಗಿ ನಿಲ್ಲಿಸುತ್ತದೆ. ಗುಂಡಿ ಹಾರಿದರೂ ಸೊಂಟಕ್ಕೆ ತಿಳಿಯಬಾರದು, ಅಂಥ ಸುಖ.

ಮೊದಲ ಸವಾರಿ ಬಸವನಗುಡಿಯ ಒಂದು ಮದುವೆಗೆ. ವಾಪಸು ಹೊರಡುವಾಗ ಶಿವಕುಮಾರಿ ತಾಂಬೂಲದ ಚೀಲಗಳನ್ನು ತನ್ನ ಸೀಟಿನ ಮೇಲಿಟ್ಟಳು. ಅಷ್ಟರಲ್ಲಿ ಯಾರೋ ಕರೆದರೆಂದು ಬಾಗಿಲು ಮುಚ್ಚಿ ಆ ಕಡೆ ಹೋದಳು. ಬಾಗಿಲಿನ ಸದ್ದು ಕೇಳಿದ್ದೇ ತಡ, ವೀರಭದ್ರಯ್ಯ ಹೊರಟೇಬಿಟ್ಟರು. ಅಭ್ಯಾಸದಂತೆ ಎಡಕ್ಕೆ ಕತ್ತು ತಿರುಗಿಸಲಿಲ್ಲ. ರಾಮಕೃಷ್ಣ ಆಶ್ರಮದವರೆಗೂ ಕಾರಿನ ಗುಣಗಾನ ಮಾಡಿದರು, ಕೇಳಿದ್ದು ತೆಂಗಿನಕಾಯಿಗಳು. ತಿರುಗಿ ಬಂದಾಗ ಛತ್ರದ ಮುಂದೆ ನಗುವೋ ನಗು. ಶಿವಕುಮಾರಿಯೂ ನಕ್ಕಳು. ಆದರೆ ಕಾರು ಚಾಮರಾಜಪೇಟೆಯ ಕಡೆ ಹೊರಳಿದ ಮೇಲೆ ಮೆಲ್ಲಗೆ ಹೇಳಿದಳು:

"ನಾನು ಕೂತ್ರೂ ಇದಕ್ಕೆ ಗೊತ್ತಾಗಲ್ಲ, ಕೂರ್ದೇ ಇದ್ರೂ ಗೊತ್ತಾಗಲ್ಲ. ಅಲ್ವೇನ್ರೀ?"

"ಅದೇ ಇದ್ರ ಹೆಚ್ಚುಗಾರಿಕೆ ಕಣೇ" ಎಂದರು ಅವರು, ಬೀಗಿಕೊಂಡು.

ಅಂದಿನಿಂದ ಲೋಡಿನ ಮಾತು ನಿಂತಿತು. ಕಾರು ಬಾಗದೆ ಆ ಮಾತು ನಾಲಿಗೆಗೆ ಬರುತ್ತಲೇ ಇರಲಿಲ್ಲ. ಆರು ತಿಂಗಳು ಕಳೆಯುವುದರೊಳಗೆ ಆಕೆ ಮಲಗಿದಲ್ಲೇ ಹೋಗಿಬಿಟ್ಟಳು.

ಎರಡು ವರ್ಷದ ಮೇಲೆ ಎಡಗಡೆಯ ಗಾಳಿ ಚೀಲ ಸೋರತೊಡಗಿತು. ಮೊದಲ ಬೆಳಿಗ್ಗೆ ಹೊರಗೆ ಬಂದ ವೀರಭದ್ರಯ್ಯ ಹೊಸ್ತಿಲಲ್ಲೇ ನಿಂತರು. ಕಾರು ಎಡಕ್ಕೆ ಬಾಗಿತ್ತು, ಥೇಟ್ ಹಳೆಯ ಅಂಬಾಸಿಡರಿನ ಹಾಗೆ. "ಲೋಡ್ ಆಯ್ತಾ?" ಎಂಬ ಮಾತು ತಾನಾಗಿ ಬಾಯಿಂದ ಬಂತು. ಯಾರಾದರೂ ಕೇಳಿಸಿಕೊಂಡರೇನೋ ಎಂದು ಅತ್ತಿತ್ತ ನೋಡಿದರು. ಆಮೇಲೆ ಎಷ್ಟೋ ದಿನದ ನಂತರ ಕಾಫಿ ರುಚಿಯಾಯಿತು. ರಿಪೇರಿ ಮಾಡಿಸಿದರೆ ಇದೂ ಹೋಗುತ್ತದಲ್ಲ ಎಂಬ ಭಯಕ್ಕೆ ಅವರು ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ.

ದಿನಾ ಸ್ಟಾರ್ಟ್ ಮಾಡಿದೊಡನೆ ಪಂಪು ಗಾಳಿ ತುಂಬಿ ಕಾರನ್ನು ಎತ್ತುತ್ತಿತ್ತು; ಒಂದು ದಿನ ಸ್ಟಾರ್ಟ್ ಮಾಡಿದರೂ ಅದು ಮೇಲೇಳಲಿಲ್ಲ. ಟೈರು ಉಜ್ಜುತ್ತಾ ಉಜ್ಜುತ್ತಾ ಮಾವಳ್ಳಿಯ ನಾರಾಯಣಪ್ಪನ ಗ್ಯಾರೇಜು ಸೇರಿದ್ದೇ ಹೆಚ್ಚು. ನಾರಾಯಣಪ್ಪ ಬಾಯಿ ತೆರೆದರೆ ಮುಚ್ಚುವ ಪೈಕಿಯಲ್ಲ.

"ಯಜಮಾನ್ರೇ, ಇಷ್ಟ್ ದಿನ ಏನ್ ಮಾಡ್ತಿದ್ರಿ? ಚೀಲ ಸೀಳೋಗಿದೆ. ಸೋರಿದ್ದನ್ನ ತುಂಬೀ ತುಂಬೀ ಪಂಪೂ ಸುಟ್ಕೊಂಡಿದೆ. ಹಿಂಗೇ ಓಡ್ಸಿದ್ರೆ ಸೀದಾ ಗುಜರಿಗೇ."

"ವಾಲಿದ್ದು ಹಾಗೇ ಇರ್ಲಿ. ಓಡೋ ಹಾಗೆ ಮಾತ್ರ ಮಾಡಕ್ಕಾಗುತ್ತಾ?"

ನಾರಾಯಣಪ್ಪ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು ತಲೆಯಾಡಿಸಿದ.

"ಅದಾಗಲ್ಲ. ಹೊಸಾ ಗಾಳಿ ಚೀಲ ತರ್ಸಿ ಹಾಕ್ಬೋದು, ಮೊದ್ಲಿನ ಥರಾನೇ ಇರುತ್ತೆ, ಯಾರ್ ಕೂತ್ರೂ ಅಲ್ಲಾಡಲ್ಲ. ಇಲ್ಲಾಂದ್ರೆ ಎಲ್ಲಾ ಕಿತ್ತು ಸಾದಾ ಸ್ಪ್ರಿಂಗ್ ಕೂರಿಸ್ಬೋದು. ಆದ್ರೆ ಇಂಥಾ ಕಾರಿಗೆ ಅದು ಮರ್ಯಾದೆ ಅಲ್ಲ ಬಿಡಿ. ಕೂತ್ರೆ ಬಾಗುತ್ತೆ, ಇಳಿದ್ರೆ ಏಳುತ್ತೆ, ಎತ್ತಿನಗಾಡಿ ಇದ್ದಂಗೆ."

"ಸ್ಪ್ರಿಂಗೇ ಹಾಕಪ್ಪಾ" ಎಂದರು ವೀರಭದ್ರಯ್ಯ.

ಕಾರು ಮನೆಗೆ ಬಂದ ಮಾರನೆಯ ಬೆಳಿಗ್ಗೆ ಲೋಟ ಹಿಡಿದು ಹೊರಗೆ ಬಂದರು. ಕಾರು ನೆಟ್ಟಗೆ ನಿಂತಿತ್ತು. ಬಾಗುವ ಕಾರು ಬೇಕೆಂದು ಆಸೆಪಟ್ಟರೇ ಹೊರತು, ಅದು ಬಾಗಬೇಕಾದರೆ ಒಬ್ಬರು ಬಂದು ಕೂರಬೇಕು ಎಂಬುದು ಈವರೆಗೆ ಅವರಿಗೆ ಹೊಳೆದಿರಲಿಲ್ಲ.

ಲೋಟವನ್ನು ಜಗಲಿಯ ಮೇಲಿಟ್ಟು ಹೋಗಿ ಸ್ಟೀರಿಂಗಿನ ಮುಂದೆ ಕೂತರು. ಕಾರು ಬಲಕ್ಕೆ ಬಾಗಿತು. ಕತ್ತು ತಿರುಗಿಸದೆ, ಹಿಂದಿನ ಹಾಗೇ ಕಾದರು. ಎಡಗಡೆ ಅಲ್ಲಾಡಲಿಲ್ಲ. ಸಂಕಟ ತಡೆಯಲಾಗಲಿಲ್ಲ. ಇಳಿದು, ಸುತ್ತಿ ಬಂದು, ಆ ಕಡೆಯ ಬಾಗಿಲು ತೆಗೆದು ಹೆಂಡತಿಯ ಸೀಟಿನಲ್ಲಿ ತಾವೇ ಕೂತರು. ಕಾರು ಕಿರ್ ಎಂದು ಎಡಕ್ಕೆ ಬಾಗಿತು. ಸ್ಟೀರಿಂಗಿನ ಮುಂದೆ, ಲೋಡ್ ಆಯ್ತು ಎನ್ನಬೇಕಾದವರ ಜಾಗ ಈಗ ಖಾಲಿ ಇತ್ತು.

ಎದುರುಮನೆಯ ಗೇಟಿನಿಂದ ಚೂಡಾಮಣಿಯವರು ಕೂಗಿ ಕೇಳಿದರು. "ಅಂತೂ ಕಾರು ಸರಿಹೋಯ್ತಾ?"

"ಹೂಂ, ಸರಿಹೋಯ್ತು" ಎಂದು ವೀರಭದ್ರಯ್ಯ ಎಡಗಡೆಯ ಸೀಟಿನಿಂದಲೇ ಹೇಳಿದರು.